ಸಡಿಲ ತಿರುಪು

"ದುವ್ವಾಡ ದಾಟಿದೆ ಕಣೇ, ಇನ್ನೇನು ಅನಕಾಪಲ್ಲಿ!" ಎಂದು ಧನಂಜಯ ಹಜಾರದ ವ್ಯಾಯಾಮದ ಸೈಕಲ್ ತುಳಿಯುತ್ತಲೇ ಕೂಗಿದ. ವಿಶಾಖಪಟ್ಟಣದ ಡಿಸೆಂಬರಿಗೂ ಮಂಕಿ ಕ್ಯಾಪ್ ತೊಟ್ಟಿದ್ದ ಗಂಡನನ್ನು ಅಪೂರ್ವಾ ಮೇಲಿಂದ ಕೆಳಗೆ ನೋಡಿದಳು. ಜನವರಿಯಲ್ಲಿ ಅವನ ಬ್ಯಾಂಕಿನವರು ಕುಟುಂಬ ಸಮೇತ ಅನಕಾಪಲ್ಲಿಗೆ ಸೈಕಲ್ಲಿನಲ್ಲಿ ಹೊರಡುವವರಿದ್ದರು. "ನಿನ್ನ ಕೈಲಾಗಲ್ಲ" ಎಂದು ಪಟ್ಟಿಯಿಂದ ಅವಳ ಹೆಸರನ್ನು ಅವನೇ ತೆಗೆಸಿ ಹಾಕಿದ್ದ.

ಅವಳು ಬಗ್ಗಿ ಚಕ್ರ ಬಿಗಿ ಮಾಡುವ ತಿರುಪನ್ನು ಮುಟ್ಟಿದಳು. ಅದು ಪೂರ್ತಿ ಸಡಿಲವಾಗಿತ್ತು. ತಿಂಗಳಿಡೀ ಈ ಮಹಾಶಯ ತುಳಿದಿದ್ದು ಬರೀ ಗಾಳಿಯನ್ನು! ಎರಡು ಸುತ್ತು ಬಿಗಿದಳು. ಅವನ ಕಾಲು ಅಲ್ಲೇ ನಿಂತಿತು.

"ಬೆಲ್ಟ್ ಕೆಟ್ಟಿದೆ" ಎಂದು ಅವನು ಏದುಸಿರು ಬಿಟ್ಟ.

"ಇಳೀರಿ" ಎಂದವಳೇ ದುಪಟ್ಟಾ ಸೊಂಟಕ್ಕೆ ಬಿಗಿದು ಹತ್ತಿ ತುಳಿದಳು. ಚಕ್ರ ಭಾರವಾಗಿ, ಆದರೆ ನಿಲ್ಲದೆ ತಿರುಗಿತು.

"ನಾಳೆ ನನ್ನ ಹೆಸರು ಮತ್ತೆ ಬರೆಸಿ. ನಿಮಗೇನು, ಸುಸ್ತಾದವರಿಗೆ ಅಂತ ಹಿಂದೆ ವ್ಯಾನ್ ಬರುತ್ತಲ್ಲ, ಕೂತ್ಕೊಂಡು ಬನ್ನಿ."