ಮಹಡಿಯ ಮಹಾರಾಣಿ

“ಸೊಂಟ ಇನ್ನೂ ಎರಡು ಇಂಚು ಹಿಡೀಬೇಕು,” ಎಂದು ಆ ಹೆಂಗಸು ಕಂದು ಬಣ್ಣದ ಸ್ಕರ್ಟನ್ನು ಮೇಜಿನ ಮೇಲಿಟ್ಟಳು.

ಟೈಲರಮ್ಮ ಟೇಪು ಕೈಗೆತ್ತಿಕೊಂಡಳು. “ಬನ್ನಿ, ಅಳತೆ ತಗೋತೀನಿ.”

“ಬೇಡ. ಪಿನ್ ಹಾಕಿದ್ದೀನಿ. ಅಲ್ಲಿಗೇ ಹೊಲೀರಿ.”

ಅಷ್ಟೇ ಮಾತು. ಕಪ್ಪು ಕನ್ನಡಕ, ತಲೆಗೆ ಸ್ಕಾರ್ಫು, ತುಟಿಗೆ ಢಾಳಾಗಿ ಬಳಿದ ಬಣ್ಣ. ಎತ್ತರದ ಹಿಮ್ಮಡಿಯ ಚಪ್ಪಲಿ ಟಕಟಕ ಎನ್ನುತ್ತ ಮೆಟ್ಟಿಲು ಹತ್ತಿಹೋಯಿತು.

“ಹೋದಳು ಮಹಾರಾಣಿ,” ಎಂದಳು ಟೈಲರಮ್ಮ. “ಇದು ಐದನೇ ಬಟ್ಟೆ. ಈ ಮನೆಗೆ ಬಂದಾಗ ಹೇಗಿದ್ದಳು? ಡ್ರಮ್ಮಿನ ಹಾಗೆ. ಈಗ ನೋಡಿ, ಕಡ್ಡಿ! ಯಾರನ್ನ ಮೆಚ್ಚಿಸೋಕೆ ಈ ಉಪವಾಸ?”

ಮೂಲೆಯಲ್ಲಿ ಇಸ್ತ್ರಿ ಮಾಡುತ್ತಿದ್ದ ಗಂಡ ತಲೆಯೆತ್ತಲಿಲ್ಲ. “ಏನೋ ಕಷ್ಟ ಇರಬಹುದು.”

“ಕಷ್ಟ ಬಂದವರು ಲಿಪ್‌ಸ್ಟಿಕ್ ಹಚ್ಚಲ್ಲ.”

ಟೈಲರಮ್ಮನ ಕಿಟಕಿ ಮೆಟ್ಟಿಲಿಗೇ ಎದುರು. ಹತ್ತಿದವರು, ಇಳಿದವರು, ಕೈಯಲ್ಲಿ ಏನು ಹಿಡಿದಿದ್ದರು, ಎಲ್ಲ ಅವಳಿಗೆ ಗೊತ್ತು. ಒಮ್ಮೆ ನೋಡಿದರೆ ಸಾಕು, ಮನುಷ್ಯರ ಅಳತೆ ಸಿಕ್ಕಿಬಿಡುತ್ತದೆ ಎಂದು ಹೇಳಿಕೊಳ್ಳುವವಳು ಅವಳು. ಮಹಾರಾಣಿಯ ಅಳತೆಯೂ ಸಿಕ್ಕಿತ್ತು. ಗಂಡ ಸತ್ತವಳು. ಮಗಳ ಹೆಸರಿನಲ್ಲಿ ತಿಂಗಳು ತಿಂಗಳು ಸರ್ಕಾರದ ಮಕ್ಕಳ ಭತ್ಯೆ ಬರುತ್ತದೆ. ಬಂದ ಹೊಸದರಲ್ಲಿ ಮೆಟ್ಟಿಲ ಮೇಲೆ ಕೂತು ಗಂಟೆಗಟ್ಟಲೆ ಹರಟುತ್ತಿದ್ದಾಗ ಅವಳೇ ಬಾಯಿಬಿಟ್ಟದ್ದು. ಈಗ ಏಳು ತಿಂಗಳಿಂದ ಹರಟೆಯೂ ಇಲ್ಲ, ಮಣ್ಣೂ ಇಲ್ಲ. ದುಡ್ಡಿನ ರುಚಿ ಹತ್ತಿದ ಮೇಲೆ ಕೆಳಗಿನ ಮನೆಯವರು ಕಣ್ಣಿಗೆ ಕಾಣುತ್ತಾರೆಯೇ?

ಮಗಳಿಗೆ ಹದಿನಾರು. ಉದ್ದ ಹುಡುಗಿ, ತಾಯಿಯದೇ ಅಚ್ಚು. ಬೆಳಿಗ್ಗೆ ಸಮವಸ್ತ್ರ ತೊಟ್ಟು ತಲೆತಗ್ಗಿಸಿ ಶಾಲೆಗೆ ಹೋಗುತ್ತಿದ್ದಳು. ನಾಲ್ಕಕ್ಕೆ ಅಕ್ಕಿ, ಆಲೂಗಡ್ಡೆ ಹೊತ್ತು ಬರುತ್ತಿದ್ದಳು. ಬಟ್ಟೆ ಒಗೆದು ಹರವುವವಳೂ ಅವಳೇ, ಗ್ಯಾಸ್ ಸಿಲಿಂಡರನ್ನು ಮೆಟ್ಟಿಲು ಮೆಟ್ಟಿಲಾಗಿ ಎಳೆಯುವವಳೂ ಅವಳೇ. ತಾಯಿ? ಹಗಲೆಲ್ಲ ಬಿದ್ದುಕೊಂಡಿದ್ದು ತಿಂಗಳಿಗೊಂದೋ ಎರಡೋ ಸಂಜೆ ಹೊರಬೀಳುತ್ತಿದ್ದಳು. ಬಣ್ಣ ಬಳಿದುಕೊಂಡು ಮನೆ ಮಾಲೀಕನಿಗೆ ಬಾಡಿಗೆ ಕೊಟ್ಟು, ಅರ್ಧ ಗಂಟೆಯಲ್ಲಿ ಮತ್ತೆ ಬಿಲ ಸೇರುತ್ತಿದ್ದಳು. ಮಗಳ ಜೊತೆ ಒಂದು ದಿನವಾದರೂ ಹೊರಗೆ ಹೆಜ್ಜೆ ಇಟ್ಟವಳಲ್ಲ.

ಒಂದು ದಿನ ಟೈಲರಮ್ಮ ಹುಡುಗಿಯನ್ನು ಮೆಟ್ಟಿಲ ಬುಡದಲ್ಲೇ ಹಿಡಿದಳು. ಅವಳ ಶೂ ಮುಂದೆ ಬಾಯಿಬಿಟ್ಟಿತ್ತು.

“ನಿನ್ನ ಹೆಸರಲ್ಲಿ ಬರೋ ದುಡ್ಡು ಏನಾಗುತ್ತೆ?”

“ಬಾಡಿಗೆಗೆ ಹೋಗುತ್ತೆ ಆಂಟಿ. ಆಮೇಲೆ ಕರೆಂಟು, ಗ್ಯಾಸು. ಉಳಿದಿದ್ದರಲ್ಲಿ ಊಟ.”

“ಎಲ್ಲಾ ನಿನ್ನ ದುಡ್ಡಲ್ಲೇನಾ? ನಿಮ್ಮಮ್ಮ ಏನು ಮಾಡ್ತಾಳೆ?”

ಹುಡುಗಿ ಚೀಲವನ್ನು ಇನ್ನೊಂದು ಭುಜಕ್ಕೆ ಬದಲಿಸಿದಳು. “ಅಮ್ಮನ ಕೆಲಸ ಎಲ್ಲ ನಾನೇ ನೋಡ್ಕೋತೀನಿ.”

ಟೈಲರಮ್ಮನ ಮೈ ಉರಿದುಹೋಯಿತು. “ಮಗುವಿನ ದುಡ್ಡಲ್ಲಿ ಮನೆ ನಡೆಸ್ತಾಳಂತೆ, ನಾಚಿಕೆಗೆಟ್ಟವಳು,” ಎಂದು ಒಳಗೆ ಬಂದು ಹಾರಾಡಿದಳು.

“ನಿನ್ನ ಈ ಮಿಷನ್ನು ಎಲ್ಲಿಂದ ಬಂತು?” ಎಂದ ಗಂಡ. “ನಮ್ಮ ಹುಡುಗರ ಭತ್ಯೆಯಲ್ಲಿ ತಾನೇ?”

“ಅದು ಬೇರೆ. ಇದರಲ್ಲಿ ದುಡಿದು ಅವರಿಗೇ ಅನ್ನ ಹಾಕಿದೆ.”

“ಆ ಹುಡುಗೀನೂ ಬಾಡಿಗೆ ಕಟ್ಟಿದ ಸೂರಿನಡೀಲೇ ತಾನೇ ಮಲಗೋದು?”

ಟೈಲರಮ್ಮ ಹಲ್ಲಿನಿಂದ ದಾರ ಕಡಿದಳು. ತನ್ನ ಮನೆಯ ವಿಷಯದಲ್ಲಿ ಅವಳಿಗೆ ಎಂದೂ ಅನುಮಾನ ಬಂದದ್ದಿಲ್ಲ. ಆ ರಾತ್ರಿಯೇ ಎರಡು ಪುಟದ ದೂರು ಬರೆದು, ಕೆಳಗೆ “ಮಗುವಿನ ಹಿತೈಷಿ” ಎಂದು ಸಹಿ ಮಾಡಿ ಭತ್ಯೆ ಕೊಡುವ ಇಲಾಖೆಗೆ ಕಳಿಸಿದಳು. ಎಷ್ಟೋ ದಿನಗಳ ಮೇಲೆ ಅವಳಿಗೆ ಕಣ್ಣುತುಂಬ ನಿದ್ದೆ ಬಂತು.

ಒಂಬತ್ತನೆಯ ದಿನ ಸಂಜೆ ಇಲಾಖೆಯ ಅಧಿಕಾರಿಣಿ ಬಂದಳು. ಯಾರೂ ಕರೆಯದಿದ್ದರೂ ಟೈಲರಮ್ಮ ದಾರಿ ತೋರಿಸುತ್ತ ಮೇಲೆ ಹತ್ತಿದಳು.

ಮಹಾರಾಣಿಯೇ ಬಾಗಿಲು ತೆಗೆದಳು. ಮಾಲೀಕನಲ್ಲಿಗೆ ಹೊರಟಂತಿತ್ತು, ಕನ್ನಡಕ, ಸ್ಕಾರ್ಫು, ಬಣ್ಣ ಎಲ್ಲ ಸಿದ್ಧವಿತ್ತು. ಗುರುತಿನ ಚೀಟಿ ಕಂಡು ಒಂದು ಹೆಜ್ಜೆ ಹಿಂದೆ ಸರಿದಳು.

ಅಧಿಕಾರಿಣಿ ಸುತ್ತ ನೋಡಿದಳು. ಗುಡಿಸಿ ಒರೆಸಿದ ನೆಲ. ಬೋರಲು ಹಾಕಿದ ಎರಡೇ ತಟ್ಟೆ. ಮೊಳೆಗೆ ಚುಚ್ಚಿದ ಬಾಡಿಗೆ ರಸೀದಿಗಳು, ಒಂದೂ ತಪ್ಪಿಲ್ಲ. ಟೈಲರಮ್ಮ ಸೆಂಟಿನ ಬಾಟಲಿಗಾಗಿ ಹುಡುಕಿದಳು. ಕಾಣದೆ ಸಿಟ್ಟು ಬಂತು.

“ಮಗಳೆಲ್ಲಿ?”

“ಒಳಗೆ ಓದ್ತಿದಾಳೆ.”

“ಕರೀರಿ, ಅವಳ ಜೊತೆ ಮಾತಾಡ್ಬೇಕು.”

ಹೆಂಗಸು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಹೊತ್ತಾಯಿತು.

“ಏನು ಹೇಳ್ಬೇಕು ಅಂತ ಪಾಠ ಮಾಡ್ತಿದಾಳೆ ಮೇಡಂ,” ಎಂದು ಟೈಲರಮ್ಮ ಪಿಸುಗುಟ್ಟಿದಳು. “ಆ ಕೂಸಿನ ಗತಿ ನೋಡಿ.”

ಕೊನೆಗೆ ಹುಡುಗಿ ಸಮವಸ್ತ್ರದಲ್ಲಿ ಬಂದಳು. ಮುಖ ಈಗಷ್ಟೇ ತೊಳೆದಂತೆ ಒದ್ದೆ. ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟಳು. ಶಾಲೆ ಒಂದು ದಿನವೂ ತಪ್ಪಿಲ್ಲ. ಊಟಕ್ಕೆ ತೊಂದರೆಯಿಲ್ಲ. ಯಾರೂ ಹೊಡೆಯುವುದಿಲ್ಲ. ಅಂಕಪಟ್ಟಿ ಹೀಗಿದೆ, ನೋಡಿ. ಅಧಿಕಾರಿಣಿಯ ಮುಖ ಸಡಿಲವಾಯಿತು. ಅವಳು ಫೈಲು ಮುಚ್ಚಿದಳು.

ಟೈಲರಮ್ಮನಿಗೆ ತಡೆಯಲಾಗಲಿಲ್ಲ. “ಹೀಗೆ ಬಿಟ್ಟುಬಿಡ್ತೀರಾ ಮೇಡಂ? ಇಬ್ಬರನ್ನೂ ಎದುರುಬದುರು ನಿಲ್ಲಿಸಿ ಕೇಳಿ. ಆಗ ಹೊರಗೆ ಬರುತ್ತೆ ಬಂಡವಾಳ.”

ಅಧಿಕಾರಿಣಿ ಬೇಸರದಿಂದ ಮತ್ತೆ ಫೈಲು ಬಿಚ್ಚಿದಳು. “ಹೇಗೂ ಇಬ್ಬರ ಸಹೀನೂ ಬೇಕು. ನಿಮ್ಮಮ್ಮನ್ನ ಕರಿಯಮ್ಮ.”

ಹುಡುಗಿ ಅಲುಗಲಿಲ್ಲ. ಒಳಕೋಣೆಯ ಬಾಗಿಲನ್ನು ನೋಡಿದಳು. ಟೈಲರಮ್ಮನನ್ನು ನೋಡಿದಳು.

“ಒಟ್ಟಿಗೆ ಬರೋಕಾಗಲ್ಲ ಮೇಡಂ,” ಎಂದಳು. “ಅಮ್ಮ ಬಿಟ್ಟು ಹೋಗಿ ಏಳು ತಿಂಗಳಾಯ್ತು. ಇಬ್ಬರೂ ನಾನೇ.”