ಕೆನ್ನೆಯ ಮಾತ್ರೆ

ನೂರಾರು ಜನರ ಮಿದುಳುಗಳ ಸರಾಸರಿ ಆಕಾರದೊಂದಿಗೆ ಸ್ಕ್ಯಾನ್‌ನಲ್ಲಿ ಕಂಡ ಅಪ್ಪನ ಮಿದುಳನ್ನು ಹೋಲಿಸಿದಾಗ, ಪರದೆಯ ಮೇಲೆ ಅದರ ಮುಂಭಾಗವೂ ಹಿಂಭಾಗವೂ ಕೆಂಪಾದವು. ತೀರಾ ಭಿನ್ನವಾಗಿರುವ ಕಡೆ ಮಾತ್ರ ಆ ಬಣ್ಣ ಬರುತ್ತಿತ್ತು. ಸಂಶೋಧಕಿ ಮಗಳಿಗೆ ಜೀವ ಬಾಯಿಗೆ ಬಂತು.

"ಈ ತಲೆ ಸರಿಯಿಲ್ಲ ಅಂತ ನಿಮ್ಮಮ್ಮ ಅವತ್ತೇ ಹೇಳಿದ್ಲು," ಎಂದು ಅಪ್ಪ ನಕ್ಕ. ಕೈ ಮಾತ್ರ ಕುರ್ಚಿಯ ಹಿಡಿಕೆಯನ್ನು ಬಿಗಿಯಾಗಿ ಹಿಡಿದಿತ್ತು.

ಸ್ಕ್ಯಾನ್ ಚಿತ್ರದಲ್ಲಿ ಬಲಗಡೆ ಯಾವುದೆಂದು ಗುರುತಿಸಲು ಎಲ್ಲರ ಬಲಗೆನ್ನೆಗೂ, ಚಿತ್ರದಲ್ಲಿ ಬೆಳ್ಳಗೆ ಕಾಣುವ ಒಂದು ಎಣ್ಣೆಮಾತ್ರೆ ಅಂಟಿಸುತ್ತಿದ್ದರು. ಅವಳಿಗೆ ಥಟ್ಟನೆ ಅನುಮಾನ ಬಂತು. "ಅಪ್ಪಾ, ಮಾತ್ರೆ ಮುಟ್ಟಿದ್ಯಾ?"

"ತುರಿಸ್ತಿತ್ತು ಕಣೇ. ಕಿತ್ತು ಈ ಕಡೆ ಅಂಟಿಸ್ಕೊಂಡೆ," ಎಂದು ಅವನು ಎಡಗೆನ್ನೆ ತೋರಿಸಿದ.

ಮಿದುಳಿನ ಎಡಬಲಗಳು ಒಂದೇ ತೆರನಾಗಿರುವುದಿಲ್ಲ; ಸಾಮಾನ್ಯವಾಗಿ ಮುಂದೆ ಬಲಭಾಗ, ಹಿಂದೆ ಎಡಭಾಗ ತುಸು ಉಬ್ಬಿರುತ್ತದೆ. ಮಾತ್ರೆ ಕಂಡ ಕಡೆಯೇ ಬಲವೆಂದು ನಂಬಿ ಅವಳು ಅವನ್ನು ಅದಲುಬದಲು ಮಾಡಿದ್ದಳು. ಈಗ ಚಿತ್ರವನ್ನು ಮಗುಚಿದಳು. ಕೆಂಪೆಲ್ಲ ಅಳಿಸಿಹೋಯಿತು. ಬೈಯಲೆಂದು ಎದ್ದವಳು ಆ ಬೋಳುತಲೆಯನ್ನು ಎದೆಗವಚಿಕೊಂಡಳು.