ಒಂದೇ ದನಿ

ಗಂಡನನ್ನು ಮಣ್ಣು ಮಾಡಿ, ನೆಂಟರೆಲ್ಲ ಹೋದ ಮೇಲಿನ ಮೊದಲ ಬೆಳಿಗ್ಗೆ ಹಾಲು ಎಂದಿನಂತೆ ಬಂತು. ಅಷ್ಟು ದಿನ ನಾದಿನಿಯ ಮನೆಯಲ್ಲಿದ್ದ, ಕಣ್ಣು ಕಾಣದ ಅತ್ತೆಯನ್ನು ಹಿಂದಿನ ಸಂಜೆ ಕರೆತಂದಿದ್ದರು. ಅವರ ಹೃದಯ ತಡೆಯಲಾರದೆಂದು ಮಗ ಸತ್ತ ಸುದ್ದಿಯನ್ನು ಯಾರೂ ಹೇಳಿರಲಿಲ್ಲ.

ನನ್ನ ಗಂಡನದೂ ಅವರ ಅಣ್ಣನದೂ ಒಂದೇ ದನಿ. ಫೋನಿನಲ್ಲಿ ನಾನೂ ಎಷ್ಟೋ ಸಲ ಮೋಸಹೋಗಿದ್ದೆ. ಆದ್ದರಿಂದ ಭಾವನವರೇ ತಮ್ಮನಾಗಿ ಅತ್ತೆಯ ಮಂಚದ ಬಳಿ ಕುಳಿತರು.

"ಅವ್ವಾ, ಆಫೀಸಿಗೆ ಹೊಂಟೀನಿ."

"ಬುತ್ತಿ ತಗೊಂಡಿಯೇನಪಾ? ಮರತು ಹೋಗಿ ಆಮ್ಯಾಲ ಹೆಂಡ್ತೀನ ಬೈಬ್ಯಾಡ."

"ತಗೊಂಡೀನವ್ವಾ."

ಗಂಡ ಎರವಲು ತಂದಿದ್ದ ಸ್ವೆಟರನ್ನು ಭಾವನವರಿಗೆ ಹಿಂದಿರುಗಿಸಲು ಬಂದಿದ್ದ ನಾನು, ಆ ದನಿ ಕೇಳಿ ಬಾಗಿಲಲ್ಲೇ ನಿಂತೆ.

ಅತ್ತೆ ಭಾವನವರ ಕೈ ಹಿಡಿದು ಮೆಲ್ಲಗೆ ಹೇಳಿದರು: "ಅವ್ವಾ ಅನ್ನೂದಕ್ಕ ಮೊದಲ ಅವ ಒಂದು ಉಸಿರು ಎಳಕೋತಿದ್ದ. ನೀ ದೊಡ್ಡಾವ ಅದೀ. ಅವ ಇಲ್ಲಂತ ನನಗ ಗೊತ್ತಾತು."

ಭಾವನವರು ಬಿಕ್ಕಿದರು.

"ಅಳಬ್ಯಾಡ. ಬಾಗಲದಾಗ ಆಕಿ ನಿಂತಾಳ. ಇನ್ನೊಂದೀಟು ಹಂಗ ಮಾತಾಡು, ಆಕಿ ಕೇಳಲಿ."